ಕಡೆಯ ಸ್ಥಾನದ ಎರಡು ಹಾಡು

ನಮ್ಮ ಕೊಡಗು ಜಿಲ್ಲೆಯಲ್ಲಿ ಎಷ್ಟು ಜನರಿದ್ದಾರೋ ಮಾಲ್ಟಾ ದೇಶದಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ, ಐದೂವರೆ ಲಕ್ಷದ ಆಸುಪಾಸು. ಜಾಗ ಮಾತ್ರ ಕೊಡಗಿನ ಹದಿಮೂರರಲ್ಲಿ ಒಂದು ಪಾಲು, 316 ಚದರ ಕಿಲೋಮೀಟರ್. ಸಿಸಿಲಿಯ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಈ ದೇಶದ ಹೆಸರನ್ನು ದ್ವೀಪದ ಮೇಲೆ ಬರೆಯಲು ಜಾಗ ಸಾಲದೆ ಭೂಪಟದವರು ನೀರಿನಲ್ಲಿ ಬರೆದಿರುತ್ತಾರೆ. ಅದರ ರಾಜಧಾನಿ ವಲ್ಲೆಟ್ಟಾದಲ್ಲಿ 2025ರ ಮೇ 17ರ ಶನಿವಾರ ಸಂಜೆ ನಾನು ಊಟಕ್ಕೆ ಜಾಗ ಹುಡುಕುತ್ತಿದ್ದೆ. ಎಲ್ಲಿ ಇಣುಕಿದರೂ ಜನರ ಮುಖ ಗೋಡೆಯ ಕಡೆಗೇ ಇತ್ತು. ಗೋಡೆಯ ಮೇಲೊಂದು ಟೀವಿ.

ಫುಟ್‌ಬಾಲ್ ಇರಬೇಕು ಅಂದುಕೊಂಡೆ. ಅಲ್ಲ, ಯೂರೋವಿಷನ್.

ಕಡೆಗೆ ಜಾಗ ಸಿಕ್ಕಿದ್ದು ಸ್ಟ್ರೇಟ್ ಸ್ಟ್ರೀಟಿನ ಒಂದು ಪುಟ್ಟ ಬಾರಿನಲ್ಲಿ. ಹೆಸರಿಗೆ ಬೀದಿ, ವಾಸ್ತವದಲ್ಲಿ ಸಂದಿ. ಎದುರಿನಿಂದ ಯಾರಾದರೂ ಸಾಮಾನು ಹೊತ್ತು ಬಂದರೆ ನಾವು ಗೋಡೆಗೆ ಅಂಟಿ ನಿಲ್ಲಬೇಕು. ಬ್ರಿಟಿಷ್ ನೌಕಾಪಡೆ ಇಲ್ಲಿದ್ದ ಕಾಲದಲ್ಲಿ ನಾವಿಕರು ಕುಡಿದು ಕುಣಿದ ಬೀದಿ ಇದು. ಎರಡೂ ಬದಿಯಲ್ಲಿ ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳು. ತಲೆಯೆತ್ತಿದರೆ ಹಸಿರು, ಕೆಂಪು, ನೀಲಿ ಬಳಿದ ಮರದ ಮುಚ್ಚು ಬಾಲ್ಕನಿಗಳು, ನಡುವೆ ಒಂದು ಪಟ್ಟಿಯಷ್ಟು ಆಕಾಶ. ಬಾರಿನ ಯಜಮಾನನಿಗೆ ಎಪ್ಪತ್ತರ ಹತ್ತಿರದ ವಯಸ್ಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೇಳದೆಯೇ ಒಂದು ತಟ್ಟೆ ಪಾಸ್ತಿತ್ಸಿ ಮುಂದಿಟ್ಟ. ರಿಕೊತ್ತಾ ಗಿಣ್ಣು ತುಂಬಿದ ಪದರುಪದರಿನ ಕಡುಬು. "ಇವತ್ತು ಬೇರೇನೂ ಬೇಯಿಸುವುದಿಲ್ಲ" ಅಂದ.

ಯೂರೋವಿಷನ್ ನಮ್ಮಲ್ಲಿ ಅಷ್ಟು ಪರಿಚಿತವಲ್ಲ. 1956ರಲ್ಲಿ ಸ್ವಿಟ್ಜರ್‌ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಶುರುವಾದ ಹಾಡಿನ ಸ್ಪರ್ಧೆ. ದೇಶಕ್ಕೊಂದು ಹಾಡು, ಮೂರು ನಿಮಿಷ ಮೀರುವಂತಿಲ್ಲ. ಹಾಡುಗಳೆಲ್ಲ ಮುಗಿದ ಮೇಲೆ ಒಂದೊಂದೇ ದೇಶವನ್ನು ಕರೆದು ಅಂಕ ಕೇಳುತ್ತಾರೆ. ಮೆಚ್ಚಿದ ಹಾಡಿಗೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರವರೆಗೆ. ತನ್ನ ಹಾಡಿಗೆ ತಾನೇ ಅಂಕ ಕೊಟ್ಟುಕೊಳ್ಳುವಂತಿಲ್ಲ. ನೋಡುವವರಿಗೆ ಹಾಡಿಗಿಂತ ಈ ಅಂಕದ ಆಟದಲ್ಲೇ ರುಚಿ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದು ಮದುವೆಮನೆಯ ಮುಯ್ಯಿಯ ಲೆಕ್ಕದ ಹಾಗೆ ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ.

ಮಾಲ್ಟಾದಲ್ಲಿ ಈ ಲೆಕ್ಕ ಗೊತ್ತಿಲ್ಲದವರು ಇಲ್ಲ. ಬಾರಿನ ಯಜಮಾನ ಗ್ಲಾಸು ಒರೆಸುತ್ತಲೇ ಇಸವಿ, ಊರು, ಸ್ಥಾನಗಳನ್ನು ಮಗ್ಗಿಯಂತೆ ಒಪ್ಪಿಸಿದ. ಶುರುಮಾಡಿದ್ದು ಸೋಲಿನಿಂದ.

ದೇಶ ಸ್ವತಂತ್ರವಾಗಿದ್ದು 1964ರಲ್ಲಿ. ಏಳು ವರ್ಷದ ನಂತರ, 1971ರಲ್ಲಿ, ಡಬ್ಲಿನ್ನಿನ ಗೇಯಟಿ ಥಿಯೇಟರಿನಲ್ಲಿ ಮಾಲ್ಟಾ ಮೊದಲ ಸಲ ಸ್ಪರ್ಧೆಗೆ ನಿಂತಿತು. ಹಾಡಿದವರು ಜೋ ಗ್ರೆಕ್, ಹಾಡು 'ಮರಿಯಾ ಲ್-ಮಾಲ್ಟಿಯಾ', ಮಾಲ್ಟಾದ ಮರಿಯಾ. ಹದಿನೆಂಟು ದೇಶಗಳಲ್ಲಿ ಹದಿನೆಂಟನೇ ಸ್ಥಾನ. ಮರುವರ್ಷ ಎಡಿನ್‌ಬರೋದಲ್ಲಿ ಹೆಲೆನ್ ಮತ್ತು ಜೋಸೆಫ್ ಜೋಡಿ ಹಾಡಿತು. ಹಾಡಿನ ಹೆಸರು 'ಲಿಮ್‌ಹಬ್ಬಾ', ಅಂದರೆ ಪ್ರೀತಿ. ಉರ್ದು ಕಿವಿಗೆ ಬಿದ್ದವರಿಗೆ ಅದರೊಳಗಿನ ಮೊಹಬ್ಬತ್ ಕೇಳಿಸಬಹುದು. ಆ ವರ್ಷವೂ ಹದಿನೆಂಟಕ್ಕೆ ಹದಿನೆಂಟು. ಎರಡೂ ಹಾಡು ಮಾಲ್ಟೀಸ್ ಭಾಷೆಯಲ್ಲಿದ್ದವು.

"ಆಮೇಲೆ?" ಅಂದೆ.

"ಆಮೇಲೆ ಬುದ್ಧಿ ಬಂತು. ಇಂಗ್ಲಿಷಿನಲ್ಲಿ ಹಾಡಿದೆವು" ಅಂದ. ಮುಖದಲ್ಲಿ ನಗುವಿರಲಿಲ್ಲ.

ಈ ಭಾಷೆಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮಾಲ್ಟೀಸ್ ಮೂಲದಲ್ಲಿ ಅರಬ್ಬೀ ನುಡಿ, ಅರಬರ ಆಳ್ವಿಕೆಯಿದ್ದ ಕಾಲದ ಸಿಸಿಲಿಯಿಂದ ಬಂದದ್ದು. ಅರಬರು ಹೋದರು, ಭಾಷೆ ಉಳಿಯಿತು. ಮೇಲೆ ಇಟಾಲಿಯನ್ ಮಳೆ ಸುರಿಯಿತು, ಕಡೆಯಲ್ಲಿ ಇಂಗ್ಲಿಷ್ ತುಂತುರು. ಬರೆಯುವುದು ರೋಮನ್ ಲಿಪಿಯಲ್ಲಿ. ಜನರಲ್ಲಿ ಬಹುಪಾಲು ಕ್ಯಾಥೊಲಿಕರು, ಆದರೆ ಚರ್ಚಿನಲ್ಲಿ ಮೊಣಕಾಲೂರಿ ದೇವರನ್ನು ಕರೆಯುವುದು 'ಅಲ್ಲಾ' ಎಂದು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ ಹೆಸರು 'ರಂದಾನ್'. ಬೆಳಿಗ್ಗೆ ಪುಸ್ತಕದಂಗಡಿಯೊಂದರಲ್ಲಿ ನಿಂತು ಬೋರ್ಡುಗಳನ್ನು ಕೂಡಿಸಿಕೊಂಡು ಓದುತ್ತಿದ್ದಾಗ ಪುಸ್ತಕಕ್ಕೆ 'ಕ್ತೀಬ್', ಜಗತ್ತಿಗೆ 'ದಿನ್ಯಾ' ಅನ್ನುತ್ತಾರೆಂದು ತಿಳಿಯಿತು. ಪಕ್ಕದ ಕಿರಾಣಿಯಲ್ಲಿ 'ಸಪೂನ್' ಸಿಕ್ಕಿತು. ಕಿತಾಬು, ದುನಿಯಾ, ಸಾಬೂನು ಎಂದು ನನ್ನ ಪಾಡಿಗೆ ನಾನು ಕನ್ನಡ ಮಾಡಿಕೊಂಡು ಸಂತೆಗೆ ಬಂದ ನೆಂಟರನ್ನು ಕಂಡವನಂತೆ ನಿಂತಿದ್ದೆ.

ಇಂಥ ಭಾಷೆಯನ್ನು ಊರಿನ ದೊಡ್ಡವರು ಬಹುಕಾಲ 'ಅಡುಗೆಮನೆಯ ಭಾಷೆ' ಎಂದು ಕರೆದರು. ಕೋರ್ಟು ಕಚೇರಿಗೆ, ಸಾಹಿತ್ಯಕ್ಕೆ ಇಟಾಲಿಯನ್. ಬ್ರಿಟಿಷರು ಬಂದ ಮೇಲೆ ಸರ್ಕಾರಿ ನೌಕರಿಗೆ ಇಂಗ್ಲಿಷ್. ಈ ಎರಡು ಆನೆಗಳ ಜಗಳದಲ್ಲಿ 1934ರಲ್ಲಿ ಮಾಲ್ಟೀಸಿಗೆ ಅಧಿಕೃತ ಭಾಷೆಯ ಪಟ್ಟ ಸಿಕ್ಕಿತು. ಇಂಗ್ಲಿಷೂ ಜೊತೆಯಲ್ಲೇ ಉಳಿಯಿತು. ಹಾಡಿನ ಸ್ಪರ್ಧೆಯಲ್ಲಿ ಮಾಲ್ಟಾದ ಅದೃಷ್ಟ ತೆರೆದದ್ದು ಈ 'ಜೊತೆ'ಯಿಂದಲೇ.

1975ರಲ್ಲಿ ರೆನಾಟೊ ಸ್ಟಾಕ್‌ಹೋಮಿನಲ್ಲಿ ಇಂಗ್ಲಿಷಿನಲ್ಲಿ ಹಾಡಿ 12ನೇ ಸ್ಥಾನ ಪಡೆದರು. ನಂತರ ಹದಿನಾರು ವರ್ಷ ಮಾಲ್ಟಾ ಆ ಕಡೆ ಸುಳಿಯಲಿಲ್ಲ. 1991ರಲ್ಲಿ ಹಿಂತಿರುಗಿದಾಗ ಸ್ಪರ್ಧೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಪ್ರತಿ ದೇಶವೂ ತನ್ನ ಅಧಿಕೃತ ಭಾಷೆಯಲ್ಲೇ ಹಾಡಬೇಕು. ಫಿನ್ಲೆಂಡಿನವರು ಫಿನ್ನಿಷ್‌ನಲ್ಲಿ, ತುರ್ಕರು ಟರ್ಕಿಷ್‌ನಲ್ಲಿ. ಯುರೋಪಿನ ಉದ್ದಗಲಕ್ಕೂ ಅರ್ಥವಾಗುವ ಇಂಗ್ಲಿಷಿನಲ್ಲಿ ಹಾಡಲು ಹಕ್ಕಿದ್ದದ್ದು ಮೂರೇ ದೇಶಕ್ಕೆ: ಬ್ರಿಟನ್, ಐರ್ಲೆಂಡ್, ಮಾಲ್ಟಾ. 1992ರಲ್ಲಿ ಸ್ವೀಡನ್ನಿನ ಮಾಲ್ಮೋದಲ್ಲಿ ಮೊದಲ ಮೂರು ಸ್ಥಾನ ಸರಿಯಾಗಿ ಈ ಮೂವರಿಗೇ ಹೋಯಿತು. ಐರ್ಲೆಂಡ್ ಗೆದ್ದಿತು, ಬ್ರಿಟನ್ ಎರಡನೆಯದು, ಮೇರಿ ಸ್ಪಿತೇರಿ ಹಾಡಿದ ಮಾಲ್ಟಾ ಮೂರನೆಯದು. 1991ರಿಂದ 1998ರವರೆಗಿನ ಎಂಟು ವರ್ಷದಲ್ಲಿ ಮಾಲ್ಟಾ ಒಮ್ಮೆಯೂ ಮೊದಲ ಹತ್ತರಿಂದ ಹೊರಬೀಳಲಿಲ್ಲ. ಕೊಡಗಿನಷ್ಟು ಜನರಿರುವ ದೇಶ ಜರ್ಮನಿ, ಸ್ಪೇನುಗಳ ನಡುವೆ ಎಂಟು ವರ್ಷ ಹೀಗೆ ತಲೆಯೆತ್ತಿ ನಿಂತಿತು. ಅದರಲ್ಲಿ ದನಿಯ ಪಾಲೆಷ್ಟು, ಭಾಷೆಯ ಪಾಲೆಷ್ಟು ಎಂದು ಬೇರ್ಪಡಿಸಲು ನನಗೆ ಬರುವುದಿಲ್ಲ. ಆದರೆ 1999ರಲ್ಲಿ ನಿಯಮ ಸಡಿಲಿ ಎಲ್ಲರಿಗೂ ಇಂಗ್ಲಿಷಿನ ಬಾಗಿಲು ತೆರೆದ ಮೊದಲ ವರ್ಷವೇ ಮಾಲ್ಟಾ 15ಕ್ಕೆ ಇಳಿಯಿತು.

1998ರ ಮಾತು ಬಂದಾಗ ಬಾರಿನಲ್ಲಿದ್ದ ಇನ್ನಿಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಆ ಮೇ 9ರಂದು ಬರ್ಮಿಂಗ್‌ಹ್ಯಾಮಿನ ವೇದಿಕೆಯಲ್ಲಿ ಕಿಯಾರಾ ಹಾಡಿದ್ದರು. ಕುಣಿತವಿಲ್ಲ, ಬೆಂಕಿಯಿಲ್ಲ, ಕೈಯಲ್ಲಿ ಒಂದು ಮೈಕು. ಅಂಕ ಎಣಿಸುತ್ತ ಹೋದಂತೆ ಇಸ್ರೇಲ್, ಬ್ರಿಟನ್, ಮಾಲ್ಟಾ ಮೂವರಲ್ಲಿ ಯಾರೂ ಗೆಲ್ಲಬಹುದಿತ್ತು. ಕಡೆಯದಾಗಿ ಅಂಕ ಹೇಳಬೇಕಿದ್ದದ್ದು ಮ್ಯಾಸಿಡೋನಿಯಾ. "ಇಡೀ ದೇಶ ಉಸಿರು ಹಿಡಿದಿತ್ತು. ನನ್ನ ತಾಯಿ ಜಪಮಣಿ ಹಿಡಿದಿದ್ದಳು" ಅಂದ ಯಜಮಾನ. ಮ್ಯಾಸಿಡೋನಿಯಾ ಇಸ್ರೇಲಿಗೆ 8 ಕೊಟ್ಟಿತು, ಬ್ರಿಟನ್ನಿಗೆ 10. ಮಾಲ್ಟಾಕ್ಕೆ ಏನೂ ಇಲ್ಲ. ಇಸ್ರೇಲ್ 172, ಬ್ರಿಟನ್ 166, ಮಾಲ್ಟಾ 165. ಗೆಲುವು ಹೋಗಲಿ, ಎರಡನೇ ಸ್ಥಾನವೂ ಒಂದೇ ಒಂದು ಅಂಕದಲ್ಲಿ ಕೈತಪ್ಪಿತ್ತು. ಕುರ್ಚಿ ಎಳೆದುಕೊಂಡು ಬಂದವನೊಬ್ಬ ಈಗಲೂ ಮೇಜಿನ ಮೇಲೆ ಬೆರಳಿನಿಂದ ಸೊನ್ನೆ ಬರೆದು ತೋರಿಸಿದ.

ಮುಂದಿನದನ್ನು ಬೇಗ ಹೇಳಿ ಮುಗಿಸಿದರು. 2002ರಲ್ಲಿ ತಾಲಿನ್‌ನಲ್ಲಿ ಈರಾ ಲೋಸ್ಕೊ ಎರಡನೆಯವರು, ಲಾಟ್ವಿಯಾಕ್ಕಿಂತ 12 ಅಂಕ ಹಿಂದೆ. 2005ರಲ್ಲಿ ಕೀವ್‌ನಲ್ಲಿ ಮತ್ತೆ ಕಿಯಾರಾ, ಮತ್ತೆ ಎರಡನೇ ಸ್ಥಾನ. ಮರುವರ್ಷವೇ ಫೈನಲ್‌ನಲ್ಲಿ ಕಡೆಯ ಸ್ಥಾನ. ಸಿಕ್ಕಿದ್ದು ಒಂದೇ ಅಂಕ, ಕೊಟ್ಟಿದ್ದು ಅಲ್ಬೇನಿಯಾ. ಮಕ್ಕಳ ಯೂರೋವಿಷನ್ನನ್ನು 2013ರಲ್ಲೂ 2015ರಲ್ಲೂ ಮಾಲ್ಟಾದ ಹುಡುಗಿಯರು ಗೆದ್ದರು. ಗೆದ್ದ ತಪ್ಪಿಗೆ ಮರುವರ್ಷದ ಸ್ಪರ್ಧೆಯನ್ನು ಮನೆಯಲ್ಲೇ ನಡೆಸಬೇಕಾಯಿತು. 2014ರಲ್ಲಿ ಮಾರ್ಸಾದ ಹಡಗುಕಟ್ಟೆಯ ಶೆಡ್ಡಿನಲ್ಲಿ, 2016ರಲ್ಲಿ ಹದಿನಾರನೇ ಶತಮಾನದ ಒಂದು ಆಸ್ಪತ್ರೆಯ ಕಟ್ಟಡದಲ್ಲಿ. ಸಂತ ಜಾನ್ ಪಂಥದ ಯೋಧರು ಗಾಯಾಳುಗಳಿಗಾಗಿ ಕಟ್ಟಿಸಿದ ಆ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ನಾನು ಅದೇ ಬೆಳಿಗ್ಗೆ ಅಡ್ಡಾಡಿ ಬಂದಿದ್ದೆ. ದೊಡ್ಡವರ ಯೂರೋವಿಷನ್ ಮಾತ್ರ ಮಾಲ್ಟಾಕ್ಕೆ ಇನ್ನೂ ಒಲಿದಿಲ್ಲ.

ಟೀವಿಯಲ್ಲಿ ಮಾಲ್ಟಾದ ಸರದಿ ಬಂತು. ವೇದಿಕೆಯಿದ್ದದ್ದು ಬಾಸೆಲ್ ನಗರದಲ್ಲಿ, ಹಾಡುತ್ತಿದ್ದವರು ಮಿರಿಯಾನಾ ಕೊಂತೆ, ಹಾಡಿನ ಹೆಸರು 'ಸರ್ವಿಂಗ್'. ಹುಕ್ ಸಾಲು ಬಂದಾಗಲೆಲ್ಲ ಆಕೆ ಒಂದು ಪದದ ಜಾಗವನ್ನು ಖಾಲಿ ಬಿಟ್ಟರು. ಆ ಖಾಲಿ ಜಾಗಕ್ಕೆ ಬಾರಿನಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು: "ಕಂತ್!"

ಮೂರು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಮಾಲ್ಟಾದ ಆಯ್ಕೆ ಸುತ್ತಿನಲ್ಲಿ ಗೆದ್ದಾಗ ಈ ಹಾಡಿನ ಹೆಸರೇ 'ಕಂತ್' ಆಗಿತ್ತು. ಮಾಲ್ಟೀಸಿನಲ್ಲಿ ಕಂತ್ ಅಂದರೆ ಗಾಯನ, ಹಾಡುವುದು. ಅದರ ದಂತ್ಯ ತ-ಕಾರವನ್ನು ನಾಲಿಗೆ ಮಡಿಸಿ ಟ-ಕಾರ ಮಾಡಿದಿರೋ, ಇಂಗ್ಲಿಷಿನ ಒಂದು ಹೊಲಸು ಬೈಗುಳ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಸ್ಪರ್ಧೆ ನಡೆಸುವ ಯುರೋಪಿಯನ್ ಪ್ರಸಾರ ಒಕ್ಕೂಟ ಮಾರ್ಚ್‌ನಲ್ಲಿ ಆ ಪದ ಕೂಡದು ಎಂದಿತು. ಹೆಸರು ಬದಲಾಯಿತು, ಸಾಲಿನಲ್ಲಿ ತೂತು ಬಿತ್ತು.

ಹಾಡು ಕಟ್ಟಿದವರು ಅಮಾಯಕರೇನಲ್ಲ. 'ಸರ್ವಿಂಗ್' ಎಂಬುದರ ಪಕ್ಕದಲ್ಲಿ ಆ ಬೈಗುಳವನ್ನು ಇಟ್ಟು, ಠೀವಿಯಿಂದ ಮೆರೆಯುವುದಕ್ಕೆ ಮೆಚ್ಚುಗೆಯ ಮಾತಾಗಿ ಬಳಸುವುದು ಇಂಗ್ಲಿಷಿನ ಹೊಸ ಆಡುಮಾತಿನಲ್ಲಿ ರೂಢಿಯಲ್ಲಿದೆ. ಅದನ್ನು ಬಲ್ಲವರೇ ಮಾಲ್ಟೀಸ್ ಪದವನ್ನು ಆ ಜಾಗದಲ್ಲಿ ಕೂರಿಸಿದ್ದರು. ನಾವು ಶ್ಲೇಷೆ ಅನ್ನುತ್ತೇವಲ್ಲ, ಶುದ್ಧ ಅದೇ. "ಗೊತ್ತಿದ್ದೇ ಮಾಡಿದ್ದಾರೆ, ಜಾಣರು" ಎಂದು ಯಜಮಾನನೂ ಒಪ್ಪಿಕೊಂಡ. ಆದರೆ ಶ್ಲೇಷೆಗೆ ಎರಡು ಅರ್ಥ, ಎರಡು ಕಿವಿ. ಒಂದು ಕಿವಿಗೆ ಹಾಡು ಕೇಳಿಸಿತು, ಇನ್ನೊಂದಕ್ಕೆ ಹೊಲಸು. ಎರಡನೆಯ ಕಿವಿಯೇ ದೊಡ್ಡದೆಂದು ತೀರ್ಪಾಯಿತು. ಹಾಡಿನ ಸ್ಪರ್ಧೆಯಲ್ಲಿ 'ಹಾಡುವುದು' ಎಂಬ ಪದವನ್ನು ಅದರ ಸ್ವಂತ ಭಾಷೆಯಲ್ಲಿ ಹೇಳುವಂತಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2004ರಿಂದ ಅಧಿಕೃತ ಭಾಷೆಯಾಗಿ ಕುರ್ಚಿ ಪಡೆದಿರುವ, ಒಕ್ಕೂಟದ ಕಾನೂನುಗಳೆಲ್ಲ ತರ್ಜುಮೆಯಾಗುವ ಭಾಷೆಗೆ ಮೂರು ನಿಮಿಷದ ಹಾಡಿನಲ್ಲಿ ಒಂದು ಪದದ ಜಾಗ ಸಿಗಲಿಲ್ಲ.

ಆ ಪದದ ಕುಲಗೋತ್ರ ನೋಡಿದರೆ ಮನಸ್ಸು ಇನ್ನಷ್ಟು ಕಲಕುತ್ತದೆ. ಮಾಲ್ಟೀಸಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಸಾಹಿತ್ಯಕೃತಿ ಹದಿನೈದನೇ ಶತಮಾನದ್ದು. ಪೀಟರ್ ಕಷಾರೊ ಎಂಬಾತನ ಇಪ್ಪತ್ತು ಸಾಲಿನ ಪದ್ಯ. ನೋಟರಿಯೊಬ್ಬನ ಹಳೆಯ ದಾಖಲೆ ಪುಸ್ತಕದಲ್ಲಿ 1966ರಲ್ಲಿ ಇಬ್ಬರು ವಿದ್ವಾಂಸರ ಕಣ್ಣಿಗೆ ಬಿತ್ತು. ಮನೆ ಕುಸಿದು ಬಿದ್ದ ದುಃಖ ಅದರ ವಸ್ತು: ಬಂಡೆ ಸಿಕ್ಕೀತೆಂದು ಬುನಾದಿ ತೋಡಿದರೆ ಸಿಕ್ಕಿದ್ದು ಜೇಡಿಮಣ್ಣು. ಅದಕ್ಕೆ ಇರುವ ಹೆಸರು 'ಇಲ್-ಕಂತಿಲೇನಾ'. ಕಂತ್ ಮತ್ತು ಕಂತಿಲೇನಾ ಒಂದೇ ಬೇರಿನ ಪದಗಳು.

ಆ ರಾತ್ರಿ ಜ್ಯೂರಿಗಳ ಅಂಕದಲ್ಲಿ ಚೆನ್ನಾಗಿಯೇ ಇದ್ದ ಮಾಲ್ಟಾ ಪ್ರೇಕ್ಷಕರ ಮತ ಬಂದಾಗ ಜಾರಿತು. 26ರಲ್ಲಿ 17ನೇ ಸ್ಥಾನ. ಗೆದ್ದದ್ದು ಆಸ್ಟ್ರಿಯಾ. ಯಜಮಾನನ ಕಣ್ಣು ಮಾತ್ರ ಸ್ವೀಡನ್ ಮೇಲಿತ್ತು. ವರ್ಷವರ್ಷವೂ ಇಂಗ್ಲಿಷಿನಲ್ಲೇ ಹಾಡುತ್ತಿದ್ದ ಸ್ವೀಡನ್, ಅಂದು ಫಿನ್ಲೆಂಡಿನಲ್ಲಿರುವ ಸ್ವೀಡಿಷ್ ಮಾತಿನ ಹಳ್ಳಿಗಾಡಿನ ಮೂವರನ್ನು ಕಳಿಸಿತ್ತು. ಅವರು ತಮ್ಮ ಊರಿನ ಆಡುನುಡಿಯಲ್ಲೇ ಸೌನಾ ಸ್ನಾನದ ಬಗ್ಗೆ ಹಾಡಿ ನಾಲ್ಕನೆಯವರಾದರು. "ನೋಡಿದೆಯಾ? ಅವರ ಊರಿನ ಭಾಷೆ ಒಬ್ಬನಿಗೂ ಗೊತ್ತಿಲ್ಲ. ಎಲ್ಲರೂ ಕುಣಿದರು" ಅಂದು ಟೀವಿ ಆರಿಸಿದ. ಹೊರಡುವಾಗ ಒಂದು ಚೀಟಿಯ ಮೇಲೆ ಬಸ್ಸಿನ ನಂಬರು ಬರೆದುಕೊಟ್ಟ. "ನಾಳೆ ಬೆಳಿಗ್ಗೆ ಜೈತುನ್‌ಗೆ ಹೋಗು. ನಮ್ಮ ಹಾಡು ಅಲ್ಲಿದೆ."

ಜೈತುನ್ ಅಂದರೆ ಆಲಿವ್. ದ್ವೀಪದ ದಕ್ಷಿಣ ಭಾಗದ ಹಳೆಯ ಊರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜನಿಗೆ, ಪ್ರವಾಸಿ ಕೈಪಿಡಿಯಲ್ಲಿ ಓದಿದ್ದನ್ನು ನಂಬಿ, "ಘಾನಾ ಕೇಳಲು ಹೊರಟಿದ್ದೇನೆ" ಅಂದೆ. ಆತ ಹೊಟ್ಟೆ ಕುಲುಕಿಸಿ ನಕ್ಕ. "ಘಾನಾ ಆಫ್ರಿಕಾದಲ್ಲಿದೆ. ನಮ್ಮದು ಆನ." ಬರೆಯುವಾಗ ಇರುವ ಮೊದಲ ಎರಡಕ್ಷರ ಬಾಯಿಗೆ ಬರುವಾಗ ಕರಗಿ ಸ್ವರವಷ್ಟೇ ಉದ್ದವಾಗುತ್ತದೆ. ಇದು ಅರಬ್ಬೀ ಬೇರಿನ ಪದ, ಜನಪದ ಹಾಡುಗಾರಿಕೆಯ ಹೆಸರು. ಹಾಡುಗಾರಿಕೆಗೆ ಇಟಾಲಿಯನ್ ಕಡೆಯಿಂದ ಬಂದ ಮಾತು ಕಂತ್. ರೇಡಿಯೋದಲ್ಲಿ ಬರುವ ಹಾಡಿಗೆ 'ದಿಸ್ಕಾ', ಗ್ರಾಮಫೋನ್ ತಟ್ಟೆಯಿಂದ ಬಂದದ್ದು. ದ್ವೀಪಕ್ಕೆ ಯಾರು ಯಾರು ಬಂದುಹೋದರು ಎಂಬುದನ್ನು ಹಾಡಿನ ಮೂರು ಹೆಸರಿನಲ್ಲೇ ಓದಬಹುದು.

ಚರ್ಚಿನ ಹಿಂದಿನ ಬೀದಿಯ ಬಾರಿನಲ್ಲಿ ಹನ್ನೊಂದು ಗಂಟೆಗೆ ಮೂರು ಗಿಟಾರುಗಳು ಕೂಡಿದವು. ಒಬ್ಬ ಮುಂದಾಗಿ ಸ್ವರ ಬಿಡಿಸುತ್ತ ಹೋದ, ಉಳಿದಿಬ್ಬರು ತಾಳ ಹಿಡಿದರು. ಈ ಪೀಠಿಕೆಗೆ 'ಪ್ರೆಯ್ಯೆಮ್' ಅನ್ನುತ್ತಾರೆ. ಅದು ಮುಗಿದೊಡನೆ ಗೋಡೆಗೆ ಒರಗಿದ್ದ ಒಬ್ಬ, ಮೀನು ಮಾರಿ ಬಂದವನಂತೆ ರಬ್ಬರ್ ಬೂಟು ಹಾಕಿದ್ದವನು, ಕಣ್ಣು ಮುಚ್ಚಿ ಒಂದು ಕೈಯನ್ನು ಪಕ್ಕದವನ ಕುರ್ಚಿಯ ಮೇಲಿಟ್ಟು ದನಿಯೆತ್ತಿದ. ಗಂಟಲಿನ ನರ ಉಬ್ಬುವಷ್ಟು ಏರು ದನಿ. ನಾಲ್ಕು ಸಾಲು ಮುಗಿಸಿ ನಿಲ್ಲಿಸಿದ. ಗಿಟಾರು ಒಂದು ಸುತ್ತು ಹಾಕುವಷ್ಟರಲ್ಲಿ ಮೂಲೆಯಿಂದ ಇನ್ನೊಬ್ಬ ಅದೇ ಧಾಟಿಯಲ್ಲಿ, ಅದೇ ಪ್ರಾಸ ಹಿಡಿದು ಉತ್ತರ ಕೊಟ್ಟ. ಜನ ಮೇಜು ಕುಟ್ಟಿ ನಕ್ಕರು. ಬರೆದಿಟ್ಟದ್ದು ಒಂದಕ್ಷರವೂ ಇಲ್ಲ, ಎಲ್ಲ ಆ ಕ್ಷಣದ್ದು. ಇದು 'ಸ್ಪಿರ್ತು ಪ್ರೋಂತ್', ಅಂದರೆ ಚುರುಕು ಬುದ್ಧಿ.

ನಾನು ಬಿಜಾಪುರ ಸೀಮೆಯವನು. ಜಾತ್ರೆಯಲ್ಲಿ ಗೀಗೀ ಮೇಳದ ಹರದೇಶಿ–ನಾಗೇಶಿ ವಾದ ಬೆಳಗಿನ ಜಾವದವರೆಗೂ ಕೇಳಿ ಬೆಳೆದವನು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಒಬ್ಬರು ಎಸೆದ ಸವಾಲು ಇನ್ನೊಬ್ಬರ ಬಾಯಲ್ಲಿ ಪದವಾಗಿ ತಿರುಗಿ ಬರುವಾಗಿನ ಆ ಖುಷಿಗೆ ಅರ್ಥ ಬೇಕಿಲ್ಲ ಎಂಬುದು ಇಲ್ಲಿ ಗೊತ್ತಾಯಿತು. ಒಂದು ಪದವೂ ತಿಳಿಯದೆ ಎರಡು ಗಂಟೆ ಕೂತಿದ್ದೆ. ಯಾರು ಗೆದ್ದರು ಎಂಬುದು ಮಾತ್ರ ಪ್ರತಿ ಸಲವೂ ತಿಳಿಯುತ್ತಿತ್ತು. ಈ ಆನ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಪಟ್ಟಿಯ ಸುದ್ದಿ ಬೂಟಿನವನಿಗೆ ಹೇಳಿದೆ. ಆತ ಭುಜ ಕುಣಿಸಿ ಬಿಯರಿನ ಕಡೆ ತಿರುಗಿದ.

ಸಂಜೆ ಮತ್ತೆ ಸ್ಟ್ರೇಟ್ ಸ್ಟ್ರೀಟಿಗೆ ಹೋದೆ. ಯಜಮಾನ ಖುಷಿಯಾದ. "ಇಷ್ಟೆಲ್ಲ ಇದ್ದೂ ನಿಮ್ಮ ಭಾಷೆಯ ಹಾಡನ್ನು ಯಾಕೆ ಕಳಿಸುವುದಿಲ್ಲ?" ಎಂದು ಕೇಳಿದೆ. ಆತ ಎರಡು ಬೆರಳು ಎತ್ತಿದ. ಡಬ್ಲಿನ್, ಎಡಿನ್‌ಬರೋ. ಎರಡು ಸಲ ಸುಟ್ಟುಕೊಂಡ ಕೈ. ಅಂದಿನ ಆ ಎರಡು ಹಾಡು ಸೋತದ್ದು ಭಾಷೆಯಿಂದಲೇ ಎಂದು ಸಾಬೀತು ಮಾಡಿದವರು ಯಾರೂ ಇಲ್ಲ. ನಾರ್ವೆಯವರು ಎಷ್ಟೋ ಸಲ ಕಡೆಯವರಾಗಿದ್ದಾರೆ, ಅದಕ್ಕೆ ನಾರ್ವೀಜಿಯನ್ ಭಾಷೆಯನ್ನು ಯಾರೂ ದೂರಲಿಲ್ಲ. ಆದರೆ ಅಡುಗೆಮನೆಯ ಭಾಷೆ ಎಂದು ಕರೆಸಿಕೊಂಡ ಭಾಷೆಗೆ ಸೋಲಿನ ಸಾಕ್ಷಿ ಬೇಗ ಅಂಟಿಕೊಳ್ಳುತ್ತದೆ. 2000ದಲ್ಲಿ ಒಂದು ಇಂಗ್ಲಿಷ್ ಹಾಡಿನ ನಡುವೆ ಮಾಲ್ಟೀಸ್ ತುಸು ಇಣುಕಿತ್ತು. ಪೂರ್ತಿ ಮಾಲ್ಟೀಸಿನಲ್ಲಿರುವ ಹಾಡು 1972ರಿಂದ ಈಚೆಗೆ ಆ ವೇದಿಕೆ ಹತ್ತಿಲ್ಲ. ಸರ್ಬಿಯಾ 2007ರಲ್ಲಿ ಸರ್ಬಿಯನ್‌ನಲ್ಲೂ, ಪೋರ್ಚುಗಲ್ 2017ರಲ್ಲಿ ಪೋರ್ಚುಗೀಸ್‌ನಲ್ಲೂ ಹಾಡಿ ಗೆದ್ದಾಗಿದೆ. ಮಾಲ್ಟಾದ ಎರಡು ಬೆರಳು ಇನ್ನೂ ಮೇಲೆಯೇ ಇವೆ.

ನನ್ನ ಅಭಿಪ್ರಾಯ ಕೇಳಿದರೆ, ಮಾಲ್ಟಾ ಕಳೆದುಕೊಂಡದ್ದು 1998ರ ಆ ಒಂದು ಅಂಕವನ್ನಲ್ಲ. ಎರಡು ಸೋಲಿಗೆ ಹೆದರಿ ಮೂರನೆಯ ಹಾಡನ್ನು ಕಳಿಸದೇ ಉಳಿದದ್ದೇ ನಿಜವಾದ ನಷ್ಟ. ಅರ್ಧ ಶತಮಾನ ಪೂರ್ತಿ ಹಾಡುಗಳನ್ನು ಮಾಲ್ಟೀಸಿನಲ್ಲಿ ಹಾಡಿ ಕಿವಿಗಳನ್ನು ಪಳಗಿಸಿದ್ದರೆ, ಒಂದು ಪದ ಬೈಗುಳವೋ ಗಾಯನವೋ ಎಂದು ಯುರೋಪಿಗೆ ಅನುಮಾನ ಬರುತ್ತಿರಲಿಲ್ಲ.

ಬಿಲ್ಲು ಕೊಟ್ಟು ಎದ್ದಾಗ ಯಜಮಾನ ಹೇಳಿದ: "ನಾವು ಇಲ್ಲಿ ಕೂತು ನಮಗೆ ವೋಟು ಹಾಕಿಕೊಳ್ಳುವಂತಿಲ್ಲ. ನೀನು ನಿನ್ನ ದೇಶದಿಂದ ಹಾಕಬಹುದು." ನಿಜ. 2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶಗಳ ಜನರೂ ಆನ್‌ಲೈನಿನಲ್ಲಿ ಮತ ಹಾಕಬಹುದು. ಹೊರಗಿನವರ ಮತಗಳನ್ನೆಲ್ಲ ಕೂಡಿಸಿ ಒಂದು ದೇಶದ ಮತವೆಂದು ಎಣಿಸುತ್ತಾರೆ. ಮಾಲ್ಟಾ ತನ್ನ ಭಾಷೆಯಲ್ಲೇ ಪೂರ್ತಿ ಹಾಡುವ ವರ್ಷ ಬಂದರೆ ನನ್ನ ವೋಟು ಬಿಜಾಪುರದಿಂದ ಹೋಗುತ್ತದೆ. ಮೇ ತಿಂಗಳ ಒಂದು ಶನಿವಾರ ನಡುರಾತ್ರಿ ನಿಮಗೂ ನಿದ್ದೆ ಬಾರದಿದ್ದರೆ, ಅಷ್ಟು ನೆನಪಿಡಿ.